ಸುದ್ದಿ ನಮ್ಮನ್ನು ಕೂರಿಸುವ ಜಾಗ

ಕನ್ನಡ ಪತ್ರಿಕೆಗಳಲ್ಲಿ ಬಹುಕಾಲದಿಂದ ಓಡಾಡುತ್ತಿರುವ ಒಂದು ಪದವಿದೆ: ‘ಅನ್ಯಕೋಮು’. ‘ಅನ್ಯಕೋಮಿನ ಯುವಕರಿಂದ ಹಲ್ಲೆ’, ‘ಅನ್ಯಕೋಮಿನವರ ಜೊತೆ ಮಾತಿನ ಚಕಮಕಿ’. ಪದದ ಹಿಂದಿನ ಉದ್ದೇಶ ಕೆಟ್ಟದ್ದೇನಲ್ಲ. ಗಲಾಟೆಯ ವರದಿಯಲ್ಲಿ ಧರ್ಮದ ಹೆಸರು ಬರೆದರೆ ಬೆಂಕಿಗೆ ತುಪ್ಪ ಸುರಿದಂತಾದೀತು ಎಂಬುದು ಪತ್ರಿಕಾವೃತ್ತಿಯ ಹಳೆಯ ವಿವೇಕ. ಭಾರತೀಯ ಪತ್ರಿಕಾ ಮಂಡಳಿಯ ನಡತೆ ಸಂಹಿತೆಯೂ ಕೋಮು ಘರ್ಷಣೆಯ ವರದಿಯಲ್ಲಿ ಸಂಯಮ ಬೇಕೆಂದೇ ಹೇಳುತ್ತದೆ. ಆದರೆ ಹೀಗೆ ಹೆಸರು ಮುಚ್ಚಲು ಹೊದಿಸಿದ ಮುಸುಕೇ ಇನ್ನೊಂದನ್ನು ಬಯಲಿಗೆ ಹಾಕುತ್ತದೆ. ‘ಅನ್ಯ’ ಎಂದರೆ ಬೇರೆ. ಯಾರಿಗೆ ಬೇರೆ? ವಾಕ್ಯದೊಳಗೆ ಉತ್ತರ ಸಿಗುವುದಿಲ್ಲ. ಉತ್ತರ ಓದುಗ. ತನ್ನ ಓದುಗ ಯಾರ ಮನೆಯವನು ಎಂದು ವರದಿ ಮೊದಲೇ ತೀರ್ಮಾನಿಸಿಯಾಗಿದೆ.

ಇಂಥ ವರದಿಯಿರುವ ಪತ್ರಿಕೆಯನ್ನು ಜಾಲಿಯಲ್ಲಿ ಕೂತು ಓದಬೇಕು. ಉತ್ತರ ಕನ್ನಡದ ಭಟ್ಕಳ ಪೇಟೆಗೆ ಅಂಟಿಕೊಂಡು ಕಡಲ ದಂಡೆಯವರೆಗೆ ಚಾಚಿರುವ ಊರು ಅದು. ಮುಂದೆ ಅದಕ್ಕೆ ತನ್ನದೇ ಪಟ್ಟಣ ಪಂಚಾಯಿತಿಯೂ ಆಯಿತು. ಗಲ್ಫ್ ದುಡಿಮೆಯಿಂದ ಎದ್ದ ನವಾಯತ ಮುಸ್ಲಿಮರ ಮಹಡಿಮನೆಗಳು, ನಾಮಧಾರಿ ಹಿಂದೂಗಳ ಹಂಚಿನ ಮನೆಗಳು, ಮೀನುಗಾರರ ಕೇರಿ, ಮಲ್ಲಿಗೆ ಬಳ್ಳಿಯ ಹಿತ್ತಲುಗಳು, ಎಲ್ಲ ಒಂದರ ಪಕ್ಕ ಒಂದು. ನಾಮಧಾರಿ ಮನೆಯ ಹುಡುಗ ‘ಅನ್ಯಕೋಮಿನ’ ಎಂಬಲ್ಲಿ ತಡೆಯದೆ ಮುಂದಿನ ಸಾಲಿಗೆ ದಾಟುತ್ತಾನೆ. ನವಾಯತ ಮನೆಯ ಹುಡುಗಿ ಅಲ್ಲಿ ಎಡವುತ್ತಾಳೆ. ಅವಳ ಮನೆಮಾತು ಅರಬ್ಬಿ, ಪಾರಸಿ ಪದಗಳು ಬೆರೆತ ಕೊಂಕಣಿ, ನವಾಯತಿ. ಕನ್ನಡವನ್ನು ಅವಳು ಕಲಿತು ಗಳಿಸಿದ್ದಾಳೆ. ಪತ್ರಿಕೆಗೆ ಕೊಟ್ಟ ದುಡ್ಡು ಇಬ್ಬರದೂ ಒಂದೇ. ಆದರೂ ಒಬ್ಬನಿಗೆ ಅದು ತನ್ನ ಊರಿನ ಸುದ್ದಿ, ಇನ್ನೊಬ್ಬಳಿಗೆ ತನ್ನ ಬಗ್ಗೆ ಬೇರೆಯವರು ಆಡಿಕೊಳ್ಳುವ ಮಾತು. ಬಾಗಿಲಾಚೆ ನಿಂತು ಕೇಳಿಸಿಕೊಂಡಂತೆ.

ಮಾಧ್ಯಮದ ಬಗ್ಗೆ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಸುದ್ದಿ ನಿಜವೋ ಸುಳ್ಳೋ? ಅದು ಬೇಕಾದ ಪ್ರಶ್ನೆಯೇ. ಆದರೆ ಸುದ್ದಿ ನಿಜ ಹೇಳುವ ಮೊದಲು, ಸುಳ್ಳು ಹೇಳುವ ಮೊದಲು, ಇನ್ನೊಂದು ಕೆಲಸ ಮಾಡಿ ಮುಗಿಸಿರುತ್ತದೆ. ನಮ್ಮನ್ನು ಒಂದು ಜಾಗದಲ್ಲಿ ಕೂರಿಸಿರುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ತಾಲೂಕುಗಳ ಈಚಿನ ಹದಿನೈದು ವರ್ಷಗಳನ್ನು ನೋಡಿದರೆ ಅನ್ನಿಸುವುದಿಷ್ಟು: ಸುಳ್ಳನ್ನು ತಿದ್ದಬಹುದು, ಆದರೆ ಸುಳ್ಳು ಕೂರಿಸಿದ ಜಾಗದಿಂದ ಜನರನ್ನು ಎಬ್ಬಿಸುವುದು ಬಹಳ ಕಷ್ಟ.

ಫ್ರಾನ್ಸಿನ ಚಿಂತಕ ಲೂಯಿ ಅಲ್ತೂಸರ್ 1970ರ ಪ್ರಬಂಧವೊಂದರಲ್ಲಿ ಒಂದು ಸಣ್ಣ ದೃಶ್ಯ ಕೊಡುತ್ತಾನೆ. ಬೀದಿಯಲ್ಲಿ ಹೋಗುತ್ತಿದ್ದವನನ್ನು ಹಿಂದಿನಿಂದ ಪೊಲೀಸಿನವನು ಕೂಗುತ್ತಾನೆ. ಅವನು ತಿರುಗುತ್ತಾನೆ. ತಿರುಗಿದ ಕ್ಷಣದಲ್ಲಿ, ಕೂಗಿದ್ದು ತನ್ನನ್ನೇ ಎಂದು ಒಪ್ಪಿಕೊಂಡಾಯಿತು. ನಮ್ಮಲ್ಲಿ ಇದಕ್ಕೆ ಓಗೊಡುವುದು ಎನ್ನುತ್ತೇವೆ. ಪ್ರತಿ ಸುದ್ದಿಯೂ ಇಂಥ ಒಂದು ಕೂಗು. ‘ಕರಾವಳಿಗರೇ ಎಚ್ಚರ’ ಎಂದು ಶೀರ್ಷಿಕೆ ಕೂಗಿದಾಗ ತಿರುಗಿದವನು ಎಚ್ಚರವಾಗಿರಬೇಕಾದವರ ಪಾಳಯಕ್ಕೆ ಸೇರಿದ. ಯಾರಿಂದ ಎಚ್ಚರ ಎಂಬುದನ್ನು ನಿರೂಪಕ ಇನ್ನೂ ಹೇಳಿಯೇ ಇರುವುದಿಲ್ಲ.

ಊರಿನ ಹೆಸರಿನಿಂದಲೇ ಶುರು ಮಾಡೋಣ. ಹೊನ್ನಾವರ ಸೀಮೆಯಲ್ಲಿ ಮನುಷ್ಯನ ಹೆಸರಿಗೆ ಊರು ಅಂಟುವುದು ಗೌರವದ ಗುರುತು. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಇವತ್ತಿಗೂ ‘ಕೆರೆಮನೆ’ ಅಂದರೆ ಸಾಕು, ಉಳಿದದ್ದು ಹೇಳಬೇಕಿಲ್ಲ. 2012ರಲ್ಲಿ ಪದ್ಮಶ್ರೀ ಪಡೆದ ರಾಮಚಂದ್ರ ಹೆಗಡೆಯವರನ್ನು ಜನ ಕರೆದದ್ದು ‘ಚಿಟ್ಟಾಣಿ’ ಎಂದೇ. ಊರು ಕಲಾವಿದನನ್ನು ಬೆಳೆಸಿತು, ಕಲಾವಿದ ಊರನ್ನು ಮೆರೆಸಿದ. ಅಲ್ಲಿಂದ ದಕ್ಷಿಣಕ್ಕೆ ಒಂದು ಗಂಟೆಯ ದಾರಿಯಲ್ಲಿ ಇದೇ ಪದ್ಧತಿ ತಲೆಕೆಳಗಾಯಿತು. ಇಂಡಿಯನ್ ಮುಜಾಹಿದೀನ್ ಸಂಘಟನೆಯ ಆರೋಪಿಗಳ ಹೆಸರಿನ ಕೊನೆಗೆ ‘ಭಟ್ಕಳ್’ ಎಂಬುದು ಅಡ್ಡಹೆಸರಾಗಿ ಕೂತಿತು. 2013ರ ಆಗಸ್ಟ್‌ನಲ್ಲಿ ನೇಪಾಳ ಗಡಿಯ ಬಳಿ ಯಾಸಿನ್ ಭಟ್ಕಳ್ ಬಂಧನವಾದಾಗ ಇಡೀ ದೇಶ ಆ ಹೆಸರನ್ನು ಜಪಿಸಿತು. ಅವನಿಗೂ ಮನೆತನದ ಹೆಸರೊಂದಿತ್ತು. ಅದು ಕೋರ್ಟು ಕಡತದಲ್ಲಿ ಉಳಿಯಿತು, ಊರಿನ ಹೆಸರು ಪರದೆಗೆ ಬಂತು.

ಅವನ ಅಪರಾಧ ಕಟ್ಟುಕತೆಯಲ್ಲ. ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ 2013ರ ಫೆಬ್ರುವರಿಯಲ್ಲಿ ನಡೆದ ಸ್ಫೋಟಗಳ ಪ್ರಕರಣದಲ್ಲಿ 2016ರ ಡಿಸೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಅವನನ್ನೂ ಇತರ ನಾಲ್ವರನ್ನೂ ತಪ್ಪಿತಸ್ಥರೆಂದು ತೀರ್ಮಾನಿಸಿ ಮರಣದಂಡನೆ ವಿಧಿಸಿತು. ಅದನ್ನು ವರದಿ ಮಾಡುವುದು ಪತ್ರಿಕೆಯ ಧರ್ಮ, ಮುಚ್ಚಿಡುವುದು ಅಧರ್ಮ. ಪ್ರಶ್ನೆ ಬೇರೆ. ವೀರಪ್ಪನ್ ಹುಟ್ಟಿದ್ದು ಚಾಮರಾಜನಗರ ಜಿಲ್ಲೆಯ ಗೋಪಿನಾಥಂನಲ್ಲಿ. ಎರಡು ರಾಜ್ಯಗಳ ಪೊಲೀಸರನ್ನು ದಶಕಗಳ ಕಾಲ ಅಲೆದಾಡಿಸಿದ, ಡಾ. ರಾಜ್‌ಕುಮಾರ್ ಅವರನ್ನೇ ಅಪಹರಿಸಿದ. ಆದರೂ ಯಾವ ಪತ್ರಿಕೆಯೂ ಅವನನ್ನು ‘ವೀರಪ್ಪನ್ ಗೋಪಿನಾಥಂ’ ಎಂದು ಬರೆಯಲಿಲ್ಲ. ಅವನು ಕಾಡುಗಳ್ಳ ಮಾತ್ರ ಆದ. ಅವನ ಪಾಪಕ್ಕೆ ಊರು ಪಾಲುದಾರ ಆಗಲಿಲ್ಲ. ಭಟ್ಕಳಕ್ಕೆ ಆ ರಿಯಾಯಿತಿ ಸಿಗಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ನಾವು ಕನ್ನಡದವರು ‘ಭಟ್ಕಳ’ ಎನ್ನುತ್ತೇವೆ, ಕೊನೆಯಲ್ಲಿ ಸ್ವರ ಇಟ್ಟು. ದೆಹಲಿಯ ಬಾಯಲ್ಲಿ ಆ ಸ್ವರ ಉದುರಿ ‘ಭಟ್ಕಳ್’ ಆಯಿತು. ಕನ್ನಡ ಪತ್ರಿಕೆಗಳೂ ಆರೋಪಿಯ ಹೆಸರನ್ನು ಹಾಗೇ ಮುದ್ರಿಸಿದವು: ಊರಿನ ಸುದ್ದಿಗೆ ‘ಭಟ್ಕಳ’, ಉಗ್ರನ ಸುದ್ದಿಗೆ ‘ಭಟ್ಕಳ್’. ನಮ್ಮದೇ ರಾಜ್ಯದ ಊರೊಂದನ್ನು ನಮ್ಮದೇ ಲಿಪಿಯಲ್ಲಿ ಹೊರಗಿನವರ ಉಚ್ಚಾರದಿಂದ ನೋಡಿದೆವು. ಕ್ಯಾಮೆರಾ ಎಲ್ಲಿ ನಿಂತಿದೆ ಎಂಬುದು ಕೆಲವೊಮ್ಮೆ ಒಂದು ಅರ್ಧಾಕ್ಷರದಲ್ಲಿ ತಿಳಿಯುತ್ತದೆ.

ಕೊರೊನಾ ಬಂದಾಗಲೂ ಅದೇ ಜಾಗ ಕಾದಿತ್ತು. 2020ರ ಮಾರ್ಚ್‌ನಲ್ಲಿ ಭಟ್ಕಳದ ಮೊದಲ ಸೋಂಕಿತರು ದುಬೈಯಿಂದ ಮರಳಿದವರು. ಆ ದಿನಗಳಲ್ಲಿ ಇಡೀ ದೇಶಕ್ಕೆ ರೋಗ ಬಂದದ್ದು ವಿಮಾನದಲ್ಲೇ. ಏಪ್ರಿಲ್ ಹೊತ್ತಿಗೆ ತಬ್ಲೀಗಿ ಜಮಾತ್ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆಯ ಸುತ್ತ ಚರ್ಚೆ ಜೋರಾಯಿತು, ರೋಗಕ್ಕೆ ಧರ್ಮ ಅಂಟಿತು, ಭಟ್ಕಳ ಎಂಬ ಹೆಸರು ಮತ್ತೆ ಪರದೆಯ ಮೇಲೆ ಕೆಂಪಾಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದು ಮಾಡುತ್ತ, ಅವರ ವಿರುದ್ಧ ಮಾಧ್ಯಮಗಳಲ್ಲಿ ದೊಡ್ಡ ಅಪಪ್ರಚಾರವೇ ನಡೆಯಿತೆಂದು ಹೇಳಿತು. ಆ ತೀರ್ಪು ಒಳಪುಟದಲ್ಲಿ ಸಣ್ಣ ಸುದ್ದಿಯಾಗಿ ಬಂದು ಹೋಯಿತು.

ಈಗ ಹೊನ್ನಾವರಕ್ಕೆ ಬರೋಣ. 2017ರ ಡಿಸೆಂಬರ್ 6ರ ರಾತ್ರಿ ಪಟ್ಟಣದಲ್ಲಿ ಎರಡು ಗುಂಪುಗಳ ನಡುವೆ ಗಲಾಟೆ. ಆ ರಾತ್ರಿ ಕಾಣೆಯಾದ ಯುವಕನೊಬ್ಬನ ಶವ 8ರಂದು ಶೆಟ್ಟಿಕೆರೆಯಲ್ಲಿ ಸಿಕ್ಕಿತು. ಮೀನುಗಾರ ಕುಟುಂಬದ ಹುಡುಗ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಆಗಲೇ ಸಾಕಷ್ಟು ಬಾಯಿಗಳಲ್ಲಿ ಸವೆದಿದೆ. ಶವ ಸಿಕ್ಕಿದ್ದೇ ತಡ, ಅವನನ್ನು ಹೇಗೆ ಹಿಂಸಿಸಿ ಕೊಂದರು ಎಂಬ ವಿವರಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು: ಅಂಗಾಂಗ ಕತ್ತರಿಸಿದರು, ಕುದಿಯುವ ಎಣ್ಣೆ ಸುರಿದರು. ಜವಾಬ್ದಾರಿ ಸ್ಥಾನದಲ್ಲಿದ್ದ ರಾಜಕಾರಣಿಗಳೂ ಅದನ್ನೇ ಹೇಳಿದರು. ವಾಹಿನಿಗಳು ‘ಎನ್ನಲಾಗಿದೆ’ ಎಂಬ ಬಾಲ ಸೇರಿಸಿ ತೋರಿಸಿದವು. ಮಣಿಪಾಲದ ವಿಧಿವಿಜ್ಞಾನ ತಜ್ಞರು ಒಂದೊಂದು ಆರೋಪವನ್ನೂ ಪ್ರಶ್ನೋತ್ತರದ ರೂಪದಲ್ಲಿ ತಳ್ಳಿಹಾಕಿದ್ದನ್ನು ಪೊಲೀಸರು ಆ ವಾರವೇ ಬಿಡುಗಡೆ ಮಾಡಿದರು. ಅದೇ ದಿನಗಳಲ್ಲಿ ಕುಮಟಾದಲ್ಲಿ ಐಜಿಪಿಯವರ ಕಾರು ಸುಟ್ಟಿತು, ಶಿರಸಿಯಲ್ಲಿ ಕಲ್ಲು ತೂರಾಟ ನಡೆಯಿತು. ಐದು ತಿಂಗಳಲ್ಲಿ ವಿಧಾನಸಭಾ ಚುನಾವಣೆ ಇತ್ತು ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು.

ತನಿಖೆ ಸಿಬಿಐಗೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ಹೊನ್ನಾವರದ ನ್ಯಾಯಾಲಯಕ್ಕೆ ಅಂತಿಮ ವರದಿ ಕೊಟ್ಟಿತು: ಇದು ಕೊಲೆಯಲ್ಲ, ಆಕಸ್ಮಿಕವಾಗಿ ನೀರಿಗೆ ಬಿದ್ದು ಸಂಭವಿಸಿದ ಸಾವು. ಆಗ ಕೇಂದ್ರದಲ್ಲೂ ರಾಜ್ಯದಲ್ಲೂ ಇದ್ದದ್ದು 2017ರಲ್ಲಿ ಕೊಲೆ ಎಂದು ಬೀದಿಗಿಳಿದ ಪಕ್ಷದ್ದೇ ಸರ್ಕಾರ. ತಿದ್ದುಪಡಿಗೆ ಇದಕ್ಕಿಂತ ಬಲವಾದ ಬಾಯಿ ಬೇಕೇ? ಆದರೂ ಕರಾವಳಿಯಲ್ಲಿ ಆ ವರದಿಯನ್ನು ನಂಬಿದವರು ಕೊಲೆಯ ಕತೆಯನ್ನು ಮೊದಲೇ ನಂಬದಿದ್ದವರು. ನಂಬದವರು ‘ಸಿಬಿಐಯನ್ನೂ ಕೊಂಡುಕೊಂಡರು’ ಎಂದರು.

ಇದು ಮೂಢತನವೆಂದು ತಳ್ಳಿಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. 2017ರ ಆ ವಾರದ ಸುದ್ದಿ ಜನರಿಗೆ ಒಂದು ಮಾಹಿತಿಯನ್ನು ಕೊಟ್ಟಿತು, ಅದರ ಜೊತೆಗೆ ಒಂದು ಸಂಬಂಧವನ್ನೂ ಕೊಟ್ಟಿತು. ನೀನು ಸತ್ತ ಹುಡುಗನ ಅಣ್ಣ, ನೀನು ಅವನ ತಾಯಿ, ಎಂದು ಹೇಳಿತು. ಅಣ್ಣನ ಜಾಗದಲ್ಲಿ ಕೂತು ಅತ್ತವನಿಗೆ, ಮೆರವಣಿಗೆಯಲ್ಲಿ ನಡೆದು ಮೈಮೇಲೆ ಪ್ರಕರಣ ಹಾಕಿಸಿಕೊಂಡವನಿಗೆ, ಐದು ವರ್ಷದ ಮೇಲೆ ಬಂದು ‘ನೀನು ಅತ್ತದ್ದು ತಪ್ಪು ಲೆಕ್ಕ’ ಎಂದರೆ ಅದು ಮಾಹಿತಿಯ ತಿದ್ದುಪಡಿಯಾಗಿ ಕೇಳುವುದಿಲ್ಲ. ಬಾಂಧವ್ಯದ ಅವಮಾನವಾಗಿ ಕೇಳುತ್ತದೆ. ಆ ತಿದ್ದುಪಡಿ ಅವನಿಗೆ ಎದ್ದು ಬರಲು ಬೇರೆ ಜಾಗವನ್ನೇನೂ ತೋರಿಸಲಿಲ್ಲ. ನಿಜವಾಗಿ ಮಗನನ್ನು ಕಳೆದುಕೊಂಡ ಮನೆಯ ದುಃಖವಂತೂ ಈ ಗದ್ದಲದಲ್ಲಿ ಎಲ್ಲರ ಸೊತ್ತಾಗಿ, ಅವರದಾಗಿ ಉಳಿಯಲಿಲ್ಲ.

ಭಾವ ಹೀಗೆ ತಯಾರಾಗುವ ಬಗೆ ಯಕ್ಷಗಾನದ ಊರಿನವರಿಗೆ ಬೇಗ ಅರ್ಥವಾಗಬೇಕು. ಬಯಲಾಟದಲ್ಲಿ ಬಣ್ಣದ ವೇಷ ಅಬ್ಬರಿಸಿಕೊಂಡು ಬರುವಾಗ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಆದರೆ ಅದೇ ಮಕ್ಕಳು ಸಂಜೆ ಬಣ್ಣ ಹಚ್ಚುವ ಚೌಕಿಗೆ ನುಗ್ಗಿ, ಅಕ್ಕಿಹಿಟ್ಟಿನ ಚುಟ್ಟಿ ಇಡಿಸಿಕೊಳ್ಳುತ್ತ ಕೂತ ಆ ರಾಕ್ಷಸ ಬೀಡಾ ಜಗಿಯುವುದನ್ನು ನೋಡಿಯೇ ಬಂದಿರುತ್ತಾರೆ. ಹೆದರಿಕೆಯೂ ಇದೆ, ಹೆದರಿಕೆ ಹೇಗೆ ತಯಾರಾಗುತ್ತದೆಂಬ ತಿಳಿವೂ ಇದೆ. ಎರಡೂ ಇರುವುದರಿಂದಲೇ ಅದು ಆಟ. ರಾತ್ರಿ ಒಂಬತ್ತರ ವಾಹಿನಿಯ ಚರ್ಚೆಯಲ್ಲೂ ಬಣ್ಣದ ವೇಷಗಳಿವೆ, ಚೆಂಡೆಯಿದೆ, ಅಬ್ಬರವಿದೆ. ಆದರೆ ಅಲ್ಲಿ ನಮಗೆ ಚೌಕಿಯ ಬಾಗಿಲು ತೆರೆಯುವುದಿಲ್ಲ. ಯಾರನ್ನು ಏಕೆ ಕರೆದರು, ಯಾರ ಮೈಕು ಯಾವಾಗ ಕತ್ತರಿಸುತ್ತಾರೆ, ಈ ವಿಷಯವೇ ಏಕೆ, ಇನ್ನೊಂದು ಏಕಿಲ್ಲ, ಇದೆಲ್ಲ ಪರದೆಯ ಹಿಂದೆ.

ಆ ‘ಇನ್ನೊಂದು’ ಯಾವುದೆಂದು ಹುಡುಕಲು ದೂರ ಹೋಗಬೇಕಿಲ್ಲ. ಭಟ್ಕಳದ ಗೌಸಿಯಾ ಸ್ಟ್ರೀಟಿನ ಒಳಚರಂಡಿ ಪಂಪಿಂಗ್ ಸ್ಟೇಷನ್ನಿನಿಂದ ಕೊಳಚೆ ಸೋರಿ ಶರಾಬಿ ಹೊಳೆಗೆ ಸೇರುತ್ತದೆ, ಸುತ್ತಲಿನ ಬಾವಿಗಳು ಕೆಟ್ಟಿವೆ ಎಂದು ಅಲ್ಲಿನ ಜನ ವರ್ಷಗಟ್ಟಲೆ ಮನವಿ ಕೊಟ್ಟಿದ್ದಾರೆ. ಸ್ಥಳೀಯ ಪುಟಗಳಿಂದಾಚೆಗೆ ಅದು ಏರಲಿಲ್ಲ. 2022ರ ಜೂನ್‌ನಲ್ಲಿ ಭಟ್ಕಳ ಪುರಸಭೆಯ ಕಟ್ಟಡದ ಫಲಕದಲ್ಲಿ ಉರ್ದು ಇರಬೇಕೋ ಬೇಡವೋ ಎಂಬ ಜಗಳ ಎದ್ದಾಗ ಮಾತ್ರ ರಾಜ್ಯಮಟ್ಟದ ಕ್ಯಾಮೆರಾಗಳು ಬಂದವು. ಕಟ್ಟಡದ ಹಣೆಯ ಮೇಲಿನ ಅಕ್ಷರ ಸುದ್ದಿಯಾಯಿತು. ಆ ಕಟ್ಟಡದೊಳಗಿನ ಆಡಳಿತ ನೋಡಿಕೊಳ್ಳಬೇಕಾದ ಚರಂಡಿ ಸುದ್ದಿಯಾಗಲಿಲ್ಲ. ಕೊಳಚೆ ಎರಡೂ ಕೋಮಿನ ಬಾವಿಗೆ ಸಮಾನವಾಗಿ ಇಳಿಯುತ್ತದೆ. ಅಲ್ಲಿ ‘ಅನ್ಯ’ ಯಾರೂ ಸಿಗುವುದಿಲ್ಲ. ಬಹುಶಃ ಅದೇ ಅದರ ಕೊರತೆ.

ಶರಾವತಿಯ ಅಳಿವೆಯ ಪಕ್ಕದ ಕಾಸರಕೋಡು ಇನ್ನೂ ಒಳ್ಳೆಯ ಪಾಠ. ಅಲ್ಲಿನ ಇಕೋ ಬೀಚಿಗೆ 2020ರ ಅಕ್ಟೋಬರ್‌ನಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಪಡುಬಿದ್ರಿಯ ಜೊತೆಗೆ ರಾಜ್ಯದ ಮೊದಲೆರಡರಲ್ಲಿ ಒಂದು. ಪುಟಪುಟ ಫೋಟೊಗಳು, ನೀಲಿ ಬಾವುಟ, ಶುಭ್ರ ಮರಳು. ಅದೇ ಕಾಸರಕೋಡಿನ ಟೊಂಕದಲ್ಲಿ, ಒಣಮೀನು ಮಾಡಿ ಬದುಕುವ ಹೆಂಗಸರೂ ದೋಣಿಯವರೂ ಖಾಸಗಿ ವಾಣಿಜ್ಯ ಬಂದರು ಯೋಜನೆಯ ವಿರುದ್ಧ ವರ್ಷಗಳಿಂದ ಹೋರಾಡುತ್ತಿದ್ದಾರೆ. ಬಂದರಿನ ರಸ್ತೆ ತಮ್ಮ ಮನೆ, ಮೀನು ಒಣಗಿಸುವ ಜಾಗದ ಮೇಲೆ ಹಾಯುತ್ತದೆ, ಕಡಲಾಮೆಗಳು ಮೊಟ್ಟೆಯಿಡುವ ದಂಡೆ ಹಾಳಾಗುತ್ತದೆ ಎಂಬುದು ಅವರ ಮಾತು. 2024ರ ಆರಂಭದಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ಸರ್ವೆ ನಡೆದಾಗ ಹೆಂಗಸರೂ ಬೀದಿಗಿಳಿದರು, ಹಲವರ ಮೇಲೆ ಪ್ರಕರಣ ಬಿತ್ತು. ಯೋಜನೆಯ ಪರವಾಗಿ ಹೇಳಲು ಮಾತಿಲ್ಲವೆಂದಲ್ಲ. ಬಂದರು, ಉದ್ಯೋಗ, ವ್ಯಾಪಾರ ಎಲ್ಲವೂ ಚರ್ಚೆಯಾಗಲಿ. ಒಂದೇ ದಂಡೆಯ ಈ ಎರಡು ಸುದ್ದಿಗಳಲ್ಲಿ ಓದುಗನ ಜಾಗ ಬೇರೆಬೇರೆ ಎಂಬುದಷ್ಟೇ ನನ್ನ ಮಾತು. ಮೊದಲನೆಯದರಲ್ಲಿ ನಾವು ಪ್ರವಾಸಿಗರು, ವಾರಾಂತ್ಯಕ್ಕೆ ಕಾರು ಹತ್ತುವವರು. ಎರಡನೆಯದರಲ್ಲಿ ನಾವು ನಾಗರಿಕರಾಗಬೇಕಿತ್ತು. ಮೊದಲ ಜಾಗಕ್ಕೆ ನಮ್ಮನ್ನು ಪ್ರೀತಿಯಿಂದ ಕರೆದರು. ಎರಡನೆಯದಕ್ಕೆ ಕರೆಯಲೇ ಇಲ್ಲ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎರಡು ಶಿರೂರುಗಳಿವೆ. ಒಂದು ಭಟ್ಕಳ ದಾಟಿದೊಡನೆ ಸಿಗುವ ಉಡುಪಿ ಜಿಲ್ಲೆಯ ಶಿರೂರು, ಇನ್ನೊಂದು ಕುಮಟಾದಾಚೆ, ಗಂಗಾವಳಿ ಹೊಳೆಯ ದಡದ ಅಂಕೋಲಾ ತಾಲೂಕಿನ ಶಿರೂರು. ಈ ಮೂರು ತಾಲೂಕುಗಳ ಎರಡು ತುದಿಗೆ ಎರಡು ಊರು, ಒಂದೇ ಹೆಸರು. ಎರಡೂ ಜುಲೈ ಮಳೆಯಲ್ಲಿ ದೇಶದ ಕಣ್ಣಿಗೆ ಬಿದ್ದವು.

ಮೊದಲನೆಯದು 2022ರ ಜುಲೈ 20. ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಜಾರಿ ಉರುಳಿತು, ನಾಲ್ವರು ಸತ್ತರು. ಸಿಬ್ಬಂದಿ ಓಡೋಡಿ ಬ್ಯಾರಿಕೇಡ್ ಸರಿಸುತ್ತಿರುವುದು, ಒದ್ದೆ ನೆಲದಲ್ಲಿ ವಾಹನ ತಿರುಗಿ ಅಪ್ಪಳಿಸುವುದು ಸಿಸಿಟಿವಿಯಲ್ಲಿ ಅಚ್ಚಾಯಿತು. ದೇಶದ ವಾಹಿನಿಗಳು ಅದನ್ನು ಮತ್ತೆ ಮತ್ತೆ ತೋರಿಸಿದವು, ನಿಧಾನ ಗತಿಯಲ್ಲಿ, ಕೆಂಪು ವೃತ್ತ ಎಳೆದು. ನೋಡುಗನಿಗೆ ಕೊಟ್ಟ ಜಾಗ ಅಪಘಾತದ ಪ್ರೇಕ್ಷಕನದು: ಚಾಲಕನ ತಪ್ಪೋ, ನೀರಿನ ತಪ್ಪೋ, ರಸ್ತೆಯಲ್ಲಿ ಮಲಗಿದ್ದ ದನದ ತಪ್ಪೋ?

ಉತ್ತರ ಕನ್ನಡದ ಜನ ಅದೇ ದೃಶ್ಯವನ್ನು ಬೇರೆ ಕಣ್ಣಿನಲ್ಲಿ ನೋಡಿದರು. ಅವರು ಕೇಳಿದ್ದು ಒಂದೇ: ಆಂಬುಲೆನ್ಸ್ ಹೊನ್ನಾವರ ಬಿಟ್ಟು ಜಿಲ್ಲೆಯ ಗಡಿ ದಾಟಿ ಏಕೆ ಓಡಬೇಕಿತ್ತು? ಜಿಲ್ಲೆಗೊಂದು ಸುಸಜ್ಜಿತ ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲದ್ದರಿಂದ ಅಪಘಾತವಾಗಲಿ, ಹೃದಯಾಘಾತವಾಗಲಿ, ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುವುದು ಇಲ್ಲಿನ ಪ್ರತಿ ಮನೆಯ ಅನುಭವ. 2019ರಲ್ಲೇ ಸಾಮಾಜಿಕ ಜಾಲತಾಣದಲ್ಲಿ ಎದ್ದಿದ್ದ ಈ ಕೂಗು 2022ರಲ್ಲಿ ‘ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ’ ಎಂಬ ಮಟ್ಟಕ್ಕೆ ಏರಿತು. ಮಂತ್ರಿಗಳು ಉತ್ತರ ಕೊಡಬೇಕಾಯಿತು, ಕುಮಟಾದಲ್ಲಿ ಜಾಗದ ಮಾತು ಬಂತು. ಬ್ರಿಟನ್ನಿನ ವಿದ್ವಾಂಸ ಸ್ಟುವರ್ಟ್ ಹಾಲ್ 1973ರಷ್ಟು ಹಿಂದೆಯೇ ಹೇಳಿದ್ದ: ಸಂದೇಶವನ್ನು ಕಳಿಸಿದವನು ಬಯಸಿದ ಅರ್ಥದಲ್ಲೇ ನೋಡುಗ ಅದನ್ನು ಸ್ವೀಕರಿಸಬೇಕಿಲ್ಲ; ಒಪ್ಪಬಹುದು, ಚೌಕಾಸಿ ಮಾಡಬಹುದು, ತಿರುಗಿಸಿ ಓದಬಹುದು. ಟೋಲ್ ಗೇಟಿನ ಆ ದೃಶ್ಯವನ್ನು ಉತ್ತರ ಕನ್ನಡ ತಿರುಗಿಸಿ ಓದಿತು. ಪ್ರೇಕ್ಷಕನ ಜಾಗದಿಂದ ಎದ್ದು ರೋಗಿಯ ಪಕ್ಕದಲ್ಲಿ ಹೋಗಿ ಕೂತಿತು.

ಎರಡನೆಯ ಶಿರೂರು 2024ರ ಜುಲೈ 16. ಹೆದ್ದಾರಿ ಅಗಲ ಮಾಡಲು ಕಡಿದ ಗುಡ್ಡ ಕುಸಿದು ಹನ್ನೊಂದು ಜನ ಹೋದರು. ಅವರಲ್ಲೊಬ್ಬ ಕೇರಳದ ಲಾರಿ ಚಾಲಕ. ಮಲಯಾಳ ವಾಹಿನಿಗಳು ದಂಡು ದಂಡಾಗಿ ಬಂದು ಹೊಳೆದಂಡೆಯಲ್ಲಿ ಠಿಕಾಣಿ ಹೂಡಿದವು. ಕೇರಳದ ಪ್ರತಿ ಮನೆಯೂ ಅವನ ದಾರಿ ಕಾಯಿತು. ಸೆಪ್ಟೆಂಬರ್ 25ರಂದು ಗಂಗಾವಳಿಯ ತಳದಿಂದ ಲಾರಿ ಮೇಲೆದ್ದಾಗ ಅದು ರಾಜ್ಯವೊಂದರ ಶೋಕ. ಆ ಒತ್ತಡವಿಲ್ಲದಿದ್ದರೆ ಹುಡುಕಾಟ ಅಷ್ಟು ದಿನ ನಡೆಯುತ್ತಿತ್ತೋ ಇಲ್ಲವೋ. ಆ ಮಾಧ್ಯಮಗಳ ಹಟಕ್ಕೆ ನಾವು ಋಣಿಗಳೇ. ಆದರೆ ಅದೇ ಗುಡ್ಡದಡಿ ಹೆದ್ದಾರಿ ಬದಿಯ ಹೋಟೆಲಿನ ಕುಟುಂಬ, ಮಕ್ಕಳ ಸಮೇತ, ಅಳಿಸಿಹೋಗಿತ್ತು. ಮಣ್ಣು ಬಿದ್ದ ರಭಸಕ್ಕೆ ಹೊಳೆಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳನ್ನು ಬಡಿದಿತ್ತು. ಕನ್ನಡದ ಮನೆಗಳು ಉಳುವರೆಯನ್ನು ಹಾಗೆ ಕಾಯಲಿಲ್ಲ, ಕಾಯುವಂತೆ ನಮ್ಮನ್ನು ಯಾರೂ ಕೂರಿಸಲಿಲ್ಲ. ಮಲಯಾಳ ಮಾಧ್ಯಮ ಅತಿ ಮಾಡಿತು ಎಂದು ಗೊಣಗಿದ ನಾವು, ನಮ್ಮ ಮಾಧ್ಯಮ ಮಾಡದೆ ಬಿಟ್ಟದ್ದೇನು ಎಂದು ಕೇಳಿಕೊಳ್ಳಲಿಲ್ಲ.

ಇದಕ್ಕೆಲ್ಲ ಪತ್ರಕರ್ತರ ಕಡೆಯಿಂದ ಬರುವ ಉತ್ತರ ಗೊತ್ತಿದೆ, ಅದರಲ್ಲಿ ತಥ್ಯವೂ ಇದೆ. ಓದುಗನಿಗೆ ಬೇಕಾದದ್ದನ್ನೇ ಕೊಡುತ್ತೇವೆ, ಚರಂಡಿಯ ಸುದ್ದಿ ಯಾರು ನೋಡುತ್ತಾರೆ, ಎನ್ನುತ್ತಾರೆ. ತಾಲೂಕು ವರದಿಗಾರನ ಪಾಡನ್ನೂ ಬಲ್ಲವರು ಬಲ್ಲರು. ಎಷ್ಟೋ ಸಲ ಅವನಿಗೆ ಪತ್ರಿಕೆ ಉಪಕಸುಬು. ಕೈಗೆ ಬರುವುದು ಪುಡಿಗಾಸು. ಬೆಂಗಳೂರಿನ ಡೆಸ್ಕು ಭಟ್ಕಳದಿಂದ ಏನನ್ನು ಎತ್ತಿಕೊಳ್ಳುತ್ತದೆ ಎಂಬುದನ್ನು ಅನುಭವದಿಂದ ಕಲಿತು ಅದನ್ನೇ ಕಳಿಸುತ್ತಾನೆ. ಅವ ಕೆಟ್ಟವನಲ್ಲ, ಕಲಿತವ. ರಾಮನವಮಿಯ ಹೊತ್ತಿಗೆ ಭಟ್ಕಳದ ಚನ್ನಪಟ್ಟಣ ಹನುಮಂತ ದೇವರ ರಥೋತ್ಸವಕ್ಕೆ ದೇವಸ್ಥಾನದವರು ಮುಸ್ಲಿಂ ಮನೆತನಕ್ಕೆ ಹೋಗಿ ಆಹ್ವಾನ ಕೊಡುವ ಪದ್ಧತಿಯನ್ನು ಅವನೂ ಬರೆಯುತ್ತಾನೆ. ಅದು ಜಿಲ್ಲಾ ಪುಟದಲ್ಲಿ ‘ಸೌಹಾರ್ದದ ಸಂಕೇತ’ ಎಂಬ ಚೌಕಟ್ಟಿನೊಳಗೆ ಬಂದು ಮರುದಿನ ಮರೆತುಹೋಗುತ್ತದೆ. ಕಲ್ಲು ತೂರಿದ್ದು ಊರಿನ ಸ್ವಭಾವ, ಆಹ್ವಾನ ಕೊಟ್ಟದ್ದು ಅಪವಾದ ಎಂಬಂತೆ.

ಹಾಗೆಂದು ಬೆಂಗಳೂರಿನವರು ಮಾತ್ರ ಹೀಗೆ ಎಂದುಕೊಳ್ಳಬೇಕಿಲ್ಲ. ಭಟ್ಕಳದ ನವಾಯತರಿಗೂ ತಮ್ಮದೇ ಪತ್ರಿಕೆ, ಜಾಲತಾಣಗಳಿವೆ. ಉರ್ದುವಿನಲ್ಲಿ, ನವಾಯತಿಯಲ್ಲಿ, ಕೆಲವು ಕನ್ನಡದಲ್ಲೂ. ರಾಜ್ಯಮಟ್ಟದ ಮಾಧ್ಯಮ ಬಿಟ್ಟದ್ದನ್ನು ಅವು ತುಂಬಿವೆ, ದುಬೈಯಲ್ಲಿರುವ ಮಗನಿಗೆ ಊರಿನ ಮಳೆಯ ಸುದ್ದಿ ಮುಟ್ಟಿಸಿವೆ. ಆದರೆ ಸದಾ ಪೆಟ್ಟು ತಿಂದವರ ಜಾಗದಲ್ಲೇ ಓದುಗನನ್ನು ಕೂರಿಸುವ ಅಭ್ಯಾಸ ಅಲ್ಲೂ ಬೆಳೆಯಬಲ್ಲದು. ಹಿಂದೂ ಸಂಘಟನೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೂತವನೂ ತಾನೇ ಪೆಟ್ಟು ತಿಂದವನೆಂದು ನಂಬಿದ್ದಾನೆ. 1993ರ ಗಲಭೆ, 1996ರ ಏಪ್ರಿಲ್‌ನಲ್ಲಿ ಶಾಸಕ ಡಾ. ಯು. ಚಿತ್ತರಂಜನ್ ಅವರ ಹತ್ಯೆ, ಎರಡೂ ಕಡೆಗೂ ನೆನಪಿನ ಗಾಯಗಳಿವೆ. ಜಾಲಿಯ ಆ ಇಬ್ಬರು ಓದುಗರು ಕೊನೆಗೆ ಎರಡು ಬೇರೆ ಪರದೆಗಳ ಮುಂದೆ, ಒಂದೇ ಬಗೆಯ ಕುರ್ಚಿಯಲ್ಲಿ ಕೂತಿರುತ್ತಾರೆ. ಓಣಿ ಮಾತ್ರ ಅಗಲವಾಗುತ್ತದೆ.

ಓದುಗನಿಗೆ ಬೇಕಾದದ್ದನ್ನೇ ಕೊಡುತ್ತೇವೆ ಎಂಬ ವಾದವನ್ನು ಆಂಬುಲೆನ್ಸಿನ ಪ್ರಕರಣ ಸುಳ್ಳು ಮಾಡುತ್ತದೆ. ಅಲ್ಲಿ ಓದುಗನಿಗೆ ಬೇಕಾದದ್ದು ಆಸ್ಪತ್ರೆ. ಕೊಟ್ಟದ್ದು ಅಪಘಾತದ ಮರುಪ್ರಸಾರ. ಬೇಡಿಕೆ ಹುಟ್ಟಿದ್ದು ಮಾಧ್ಯಮ ಕೂರಿಸಿದ ಜಾಗದಿಂದ ಜನ ತಾವಾಗಿ ಎದ್ದಾಗ. ಹಾಗಾದರೆ ಸಂಪಾದಕರು ಮಾಡಬೇಕಾದ ಕೆಲಸಗಳು ಸಣ್ಣವೇ. ‘ಅನ್ಯಕೋಮು’ ಎಂಬ ಪದವನ್ನು ಕೈಬಿಡಲಿ. ‘ಎರಡು ಗುಂಪುಗಳ ನಡುವೆ’ ಎಂದು ಬರೆದರೂ ಸಂಯಮ ಕೆಡುವುದಿಲ್ಲ, ಯಾವ ಓದುಗನೂ ಹೊರಗೆ ಬೀಳುವುದಿಲ್ಲ. ‘ಗಲಭೆ ಭುಗಿಲೆದ್ದಿತು’ ಎಂಬ, ಕರ್ತೃವೇ ಇಲ್ಲದ ವಾಕ್ಯ ಬಿಟ್ಟು ಯಾರು ಮಾಡಿದರು, ಯಾರು ಮಾಡಿಸಿದರು ಎಂದು ಬರೆಯಲಿ. ಮುಖಪುಟದಲ್ಲಿ ಕೊಲೆ ಎಂದದ್ದನ್ನು ಮುಖಪುಟದಲ್ಲೇ ತಿದ್ದಲಿ. ಓದುಗರಾದ ನಮ್ಮ ಪಾಲಿಗೆ ಉಳಿಯುವುದು ಒಂದು ಅಭ್ಯಾಸ: ಸುದ್ದಿ ಓದಿ ಮೈ ಬಿಸಿಯಾದಾಗ, ಇದು ನಿಜವೇ ಎಂದು ಕೇಳುವುದರ ಜೊತೆಗೆ, ಇದನ್ನು ಓದುವಾಗ ನಾನು ಯಾರಾದೆ ಎಂದೂ ಕೇಳಿಕೊಳ್ಳುವುದು.

ನೆರೆಯ ತುಳುವಿನಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ. ‘ಎಂಕುಲು’ ಅಂದರೆ ಕೇಳುವ ನಿನ್ನನ್ನು ಬಿಟ್ಟು ನಾವು. ‘ನಮ’ ಅಂದರೆ ನಿನ್ನನ್ನೂ ಸೇರಿಸಿಕೊಂಡು ನಾವು. ತಮಿಳು, ತೆಲುಗು, ಮಲಯಾಳಗಳಲ್ಲೂ ಈ ಭೇದವಿದೆ. ಕನ್ನಡಕ್ಕೆ ಇರುವುದು ಒಂದೇ ‘ನಾವು’. ‘ನಮ್ಮ ಊರು’ ಎಂದು ಕನ್ನಡ ಪತ್ರಿಕೆ ಬರೆದಾಗ ಜಾಲಿಯ ಆ ಹುಡುಗಿ ಅದರ ಒಳಗಿದ್ದಾಳೋ ಹೊರಗಿದ್ದಾಳೋ ವ್ಯಾಕರಣ ಹೇಳುವುದಿಲ್ಲ. ಅದನ್ನು ಬರೆಯುವವನ ಮನಸ್ಸು ಹೇಳಬೇಕು. 2022ರ ಮಳೆಗಾಲದಲ್ಲಿ ‘ನಮ್ಮ ಜಿಲ್ಲೆಗೆ ಆಸ್ಪತ್ರೆ ಬೇಕು’ ಎಂಬ ಮಾತು ಫೋನಿನಿಂದ ಫೋನಿಗೆ ಹೋದಾಗ ಆ ‘ನಮ್ಮ’ದೊಳಗೆ ಯಾರಿದ್ದಾರೆ ಎಂದು ಯಾರೂ ಕೇಳಲಿಲ್ಲ. ಜಾಲಿಯ ಯಾವ ಮನೆಯ ರೋಗಿಯಾದರೂ ದಕ್ಷಿಣಕ್ಕೆ ಹೋಗಬೇಕಾದದ್ದು ಅದೇ ಟೋಲ್ ಗೇಟಿನ ಮೇಲೆ.